ಗೊಂಬೆ ಮೆಟ್ಟಿಲ ಮುಂದೆ ಓಡಿದ ರೈಲು: ಕೋಲಾರದ ಒಂದು ಮನೆಯ ಪ್ರಕರಣ

ಹಿನ್ನೆಲೆ

ಕೋಲಾರ ನಗರದ ಒಂದು ಕೂಡುಕುಟುಂಬ. ಹೆಸರು, ಬಡಾವಣೆ, ಉದ್ಯೋಗ ಯಾವುದನ್ನೂ ಇಲ್ಲಿ ಹೇಳುತ್ತಿಲ್ಲ, ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನೂ ಬದಲಿಸಲಾಗಿದೆ. ಮನೆಯಲ್ಲಿ ಪ್ರತಿ ವರ್ಷ ನವರಾತ್ರಿಗೆ ಗೊಂಬೆ ಕೂರಿಸುತ್ತಾರೆ. ಮೆಟ್ಟಿಲುಗಳ ಮುಂದೆ ಊರು, ಹೊಲ, ಸಂತೆ, ಪಾರ್ಕು ಮಾಡುವುದು ಈ ಕಡೆಯ ರೂಢಿ. ಮನೆಯ ಹಿರಿಯರ ಬಳಿ ಹಲವು ವರ್ಷಗಳಿಂದ ಕೂಡಿಸಿಟ್ಟ ಮಾದರಿ ರೈಲುಗಳಿದ್ದವು. ಆ ವರ್ಷ ಊರಿನ ಸುತ್ತ ಹಳಿ ಹಾಕಿ ಅವನ್ನು ಓಡಿಸುವುದೆಂದು ತೀರ್ಮಾನವಾಯಿತು.

ಸಂಗ್ರಹದಲ್ಲಿದ್ದವು ಎಚ್‌ಒ ಸ್ಕೇಲಿನ ಹದಿಮೂರು ಗಾಡಿಗಳು: ಟೆಂಡರ್ (ಇಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಗಾಡಿ) ಸಮೇತ ಒಂದು ಉಗಿ ಇಂಜಿನ್, ಎರಡು ಪ್ಯಾಂಟೋಗ್ರಾಫ್ (ಮೇಲಿನ ತಂತಿಯಿಂದ ಕರೆಂಟ್ ಪಡೆಯುವ ಛಾವಣಿಯ ಚೌಕಟ್ಟು) ಇರುವ ಒಂದು ಎಲೆಕ್ಟ್ರಿಕ್, ಎರಡು ಡೀಸೆಲ್, ಒಂಬತ್ತು ಕೋಚುಗಳು. ಎಚ್‌ಒ ಎಂದರೆ ಅಸಲಿನ 87ನೇ ಒಂದು ಭಾಗ, ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇವು ಮಕ್ಕಳ ಆಟದ ರೈಲಲ್ಲ. ಇಂಜಿನ್ನಿನ ಪಕ್ಕದ ಕೈಕಂಬಿ ಅಸಲಿನಲ್ಲಿ ಹೆಬ್ಬೆರಳಿನಷ್ಟು ದಪ್ಪ. ಅದನ್ನು 87ರಿಂದ ಭಾಗಿಸಿದರೆ 0.4 ಮಿ.ಮೀ.ಗಿಂತ ಕಡಿಮೆ. ವೈಪರ್, ಹಾರ್ನ್, ಬ್ರೇಕ್ ಪೈಪು, ಮೆಟ್ಟಿಲು, ಕನ್ನಡಿ ಎಲ್ಲವೂ ಬೇರೆ ಬೇರೆ ತುಂಡುಗಳಾಗಿ ಸಣ್ಣ ತೂತುಗಳಲ್ಲಿ ಕೂತಿರುತ್ತವೆ. ಅದೇ ಇಂಜಿನ್ ಒಳಗೆ ಮೋಟಾರು ಮತ್ತು ಲೋಹದ ಚಾಸಿ ಇರುವುದರಿಂದ ತೂಕ ಮುನ್ನೂರು ನಾನೂರು ಗ್ರಾಂ ದಾಟುತ್ತದೆ. ಮೈಯೆಲ್ಲ ಕೂದಲೆಳೆಯಂಥ ಭಾಗಗಳಿರುವ, ಆದರೆ ಗಟ್ಟಿಯಾಗಿ ಹಿಡಿಯದಿದ್ದರೆ ಕೈಯಿಂದ ಜಾರುವಷ್ಟು ಭಾರದ ವಸ್ತು. ಇಡೀ ಪ್ರಕರಣದ ಕಷ್ಟ ಇರುವುದು ಇಲ್ಲೇ.

ಇವಲ್ಲದೆ ಹಿರಿಯರು ಕೈಯಾರೆ ಮಾಡಿದ ಒಂದು ಕೋಚ್ ಇತ್ತು. ಕೋಲಾರ–ಚಿಕ್ಕಬಳ್ಳಾಪುರ ಮಾರ್ಗ 2013ರಲ್ಲಿ ಬ್ರಾಡ್‌ಗೇಜ್ ಆಗಿ ತೆರೆಯುವ ಮೊದಲು ನ್ಯಾರೋಗೇಜ್ ಆಗಿತ್ತು, 762 ಮಿ.ಮೀ. ಅಗಲದ್ದು. 87ರಿಂದ ಭಾಗಿಸಿದರೆ 8.76. ಹಾಗಾಗಿ ಸುಲಭವಾಗಿ ಸಿಗುವ 9 ಮಿ.ಮೀ. ಹಳಿಯ ಮೇಲೆ ಆ ಕಾಲದ ಗಾಡಿಯನ್ನು ಅದೇ ಸ್ಕೇಲಿನಲ್ಲಿ ಕೂರಿಸಬಹುದು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಹಿತ್ತಾಳೆ ತಂತಿ ಬೆಸೆದು ಮಾಡಿದ ಈ ಕೋಚಿಗೆ ಬಿಡಿಭಾಗ ಎಲ್ಲೂ ಸಿಗುವುದಿಲ್ಲ.

ಏನಾಯಿತು

ಮನೆಯಲ್ಲಿ ಇಲಿಗಳ ಕಾಟ ಇತ್ತು. ಹಾಗಾಗಿ ಪ್ರತಿ ರಾತ್ರಿ ಎಲ್ಲ ಗಾಡಿಗಳನ್ನೂ ಡಬ್ಬಿಗೆ ಹಾಕಿ ಬೀರುವಿನಲ್ಲಿಡುವುದು, ಮರುದಿನ ಸಂಜೆ ಮತ್ತೆ ತೆಗೆದು ಹಳಿಗೆ ಏರಿಸುವುದು ಎಂದಾಯಿತು. ಕೇಳಲು ಜಾಗರೂಕತೆಯ ಮಾತೇ. ಆದರೆ ಹದಿಮೂರು ಗಾಡಿ, ದಿನಕ್ಕೆ ಎರಡು ಸಲ, ಒಂಬತ್ತು ದಿನ: 234 ಸಲ ಎತ್ತಿ ಇಳಿಸಿದಂತಾಯಿತು. ಹಳಿ ತಪ್ಪಿದಾಗ ಎತ್ತಿಟ್ಟದ್ದು ಈ ಲೆಕ್ಕದಲ್ಲಿಲ್ಲ.

ವಿಜಯದಶಮಿಯ ಹೊತ್ತಿಗೆ ಎಲೆಕ್ಟ್ರಿಕ್ ಇಂಜಿನ್ನಿನ ಒಂದು ಪ್ಯಾಂಟೋಗ್ರಾಫ್ ಓರೆಯಾಗಿತ್ತು. ಒಂದು ಡೀಸೆಲ್ಲಿನ ಕೈಕಂಬಿಯ ಮೂರು ಕಾಲುಗಳು ತೂತಿನಿಂದ ಹೊರಬಂದಿದ್ದವು, ಒಂದು ಕನ್ನಡಿ ಕಾಣೆಯಾಗಿತ್ತು. ಉಗಿ ಇಂಜಿನ್ನಿನ ಮುಂದಿನ ಮೆಟ್ಟಿಲು, ಸಿಲಿಂಡರ್ ಕೆಳಗಿನ ಸಣ್ಣ ಪೈಪು ಮುರಿದಿದ್ದವು. ಎರಡು ಕೋಚುಗಳಲ್ಲಿ ಕೊಂಡಿ ಕೂರುವ ಗೂಡು ಸೀಳಿತ್ತು. ಕೆನೆ ಬಣ್ಣದ ಕೋಚಿನ ಮೇಲೆ ಹಳದಿ ಬೆರಳಚ್ಚು. ಇನ್ನೊಂದು ಡೀಸೆಲ್ ಓಡುವಾಗ ಗರಗರ ಎನ್ನುತ್ತಿತ್ತು.

ಗೊಂಬೆ ನೋಡಲು ಬೀದಿಯ ಮಕ್ಕಳೆಲ್ಲ ಬಂದಿದ್ದರು. ದೂರು ಸಹಜವಾಗಿ ಅವರ ತಲೆಗೇ ಹೋಯಿತು.

ಮೊದಲು ಮಾಡಿ ನೋಡಿದ್ದು

ಮುರಿದದ್ದನ್ನು ತಕ್ಷಣ ಅಂಟಿಸಿಬಿಡಬೇಕೆಂಬ ಆತುರದಲ್ಲಿ ಮನೆಯ ಒಬ್ಬರು ಅಂಗಡಿಯಿಂದ ಕ್ವಿಕ್ ಗಮ್ ತಂದರು. ಕೈಕಂಬಿಗೆ ಹಚ್ಚಿದ ಗಮ್ ಹಿಡಿಯಲೇ ಇಲ್ಲ. ಬಾಗಿದರೂ ಮುರಿಯದಂಥ ಜಾರುವ ಪ್ಲಾಸ್ಟಿಕ್ಕಿನಿಂದ, ಅಂದರೆ ಅಸಿಟಾಲ್‌ನಿಂದ, ಇಂಥ ಕಂಬಿಗಳನ್ನು ಮಾಡಿರುತ್ತಾರೆ. ಅದಕ್ಕೆ ಯಾವ ಗೋಂದೂ ಸರಿಯಾಗಿ ಅಂಟುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಹಿಡಿಯಲಿಲ್ಲವೆಂದು ಇನ್ನೊಂದು ಹನಿ ಹಾಕಿ, ಒಣಗಲೆಂದು ಮುಚ್ಚಿದ ಡಬ್ಬಿಯಲ್ಲಿಟ್ಟರು. ಹಾನಿಯಾದದ್ದು ಅಲ್ಲಿ. ಕ್ವಿಕ್ ಗಮ್‌ನಿಂದ ಏಳುವ ಆವಿ ಗಾಳಿಯ ತೇವದೊಂದಿಗೆ ಸೇರಿ ಹತ್ತಿರದ ಮೇಲ್ಮೈಗಳ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಮಳೆಗಾಲದ ಕೊನೆ, ತೇವದ ಹವೆ, ಮುಚ್ಚಿದ ಡಬ್ಬಿ. ಬೆಳಿಗ್ಗೆ ತೆರೆದಾಗ ಡ್ರೈವರ್ ಕ್ಯಾಬಿನ ಕಿಟಕಿಗಳು ಮಂಜು ಕವಿದಂತೆ ಬೆಳ್ಳಗಾಗಿದ್ದವು.

ಎರಡನೆಯ ಪ್ರಯತ್ನ ಒಂದು ಕಟ್ಟುಪಾಡು: ಹಿರಿಯರನ್ನು ಬಿಟ್ಟು ಯಾರೂ ಮುಟ್ಟಬಾರದು. ದೀಪಾವಳಿಗೆ ಮತ್ತೆ ರೈಲು ಹೊರಗೆ ಬಂತು. ಮಕ್ಕಳನ್ನು ಮೂರು ಅಡಿ ದೂರ ಕೂರಿಸಿದರು. ಆದರೂ ಇನ್ನೊಂದು ಮೆಟ್ಟಿಲು ಮುರಿಯಿತು, ಇನ್ನೊಂದು ಹಾರ್ನ್ ಹೋಯಿತು. ಹತ್ತಿ ಕೈಗವಸು ಹಾಕಿಕೊಂಡದ್ದು ಪರಿಸ್ಥಿತಿಯನ್ನು ಇನ್ನಷ್ಟು ಕೆಡಿಸಿತು. ಬೆರಳಚ್ಚು ಬೀಳಬಾರದೆಂದು ಹಲವರು ಇದನ್ನು ಹಾಕಿಕೊಳ್ಳುತ್ತಾರೆ, ಆದರೆ ನೂಲಿನ ಎಳೆ ಕೈಕಂಬಿಗೆ ಸಿಕ್ಕಿಕೊಳ್ಳುತ್ತದೆ, ಹಿಡಿತವೂ ಜಾರುತ್ತದೆ. ಸೋಪು ಹಾಕಿ ತೊಳೆದು ಒರೆಸಿದ ಬರಿಗೈ, ಇಲ್ಲವೇ ಕೈಗೆ ಬಿಗಿಯಾಗಿ ಕೂರುವ ನೈಟ್ರೈಲ್ ಕೈಗವಸು ಮಾತ್ರ ಈ ಕೆಲಸಕ್ಕೆ ಸರಿ.

ತಿರುವು

ಆ ಮನೆಯ ಸೊಸೆ ಗೊಂಬೆಗಳ ಲೆಕ್ಕ ಬರೆದಿಡುವವರು. ಯಾವ ಗೊಂಬೆ ಯಾವ ಪೆಟ್ಟಿಗೆಯಲ್ಲಿದೆ, ಯಾವುದರ ಬಣ್ಣ ಎದ್ದಿದೆ ಎಂಬುದಕ್ಕೆ ಒಂದು ನೋಟ್‌ಬುಕ್ ಇತ್ತು. ದೀಪಾವಳಿಯಲ್ಲಿ ಅವರು ರೈಲುಗಳಿಗೂ ಅದರಲ್ಲಿ ಪುಟ ತೆಗೆದರು: ಏನು ಮುರಿಯಿತು, ಯಾವಾಗ ಕಂಡಿತು, ಅದಕ್ಕೆ ಮೊದಲು ಕೊನೆಯ ಸಲ ಸರಿಯಾಗಿ ಕಂಡದ್ದು ಯಾವಾಗ. ಮೂರನೆಯ ಅಂಕಣವೇ ಉಪಯೋಗಕ್ಕೆ ಬಂದದ್ದು. ಮುರಿದ ಭಾಗಗಳಲ್ಲಿ ಹೆಚ್ಚಿನವು ಡಬ್ಬಿಯಿಂದ ತೆಗೆಯುವಾಗ ಇಲ್ಲವೇ ಡಬ್ಬಿಗೆ ತುಂಬುವಾಗ ಹೋಗಿದ್ದವು. ಉಳಿದವು ಹಳಿಗೆ ಏರಿಸುವಾಗ ಮತ್ತು ಕೊಂಡಿ ಬಿಡಿಸುವಾಗ.

“ಮಾವ, ಮಕ್ಕಳು ಬರೋಕೆ ಮುಂಚೇನೇ ಇದು ಮುರಿದಿತ್ತು. ಡಬ್ಬಿ ಒಳಗೇ ತುಂಡು ಸಿಕ್ಕಿದೆ ನೋಡಿ,” ಎಂದು ಅವರು ತೋರಿಸಿದ ಮೇಲೆ ಹಿರಿಯರು ತಮ್ಮ ಕೈಯ ಅಭ್ಯಾಸವನ್ನೇ ಗಮನಿಸಿದರು. ಅವರು ಇಂಜಿನ್ನನ್ನು ಡಬ್ಬಿಯಿಂದ ತೆಗೆಯುತ್ತಿದ್ದದ್ದು ಹೆಬ್ಬೆರಳು ತೋರುಬೆರಳುಗಳಿಂದ ಛಾವಣಿಯ ಹತ್ತಿರ ಚಿವುಟಿ ಹಿಡಿದು. ಡಬ್ಬಿಯ ಪ್ಲಾಸ್ಟಿಕ್ ಅಚ್ಚು ಬಿಗಿಯಾಗಿರುವುದರಿಂದ ಸ್ವಲ್ಪ ಅಲುಗಾಡಿಸಿ ಎಳೆಯುತ್ತಿದ್ದರು. ಆ ಅಲುಗಾಟದಲ್ಲಿ ಬೆರಳು ಒತ್ತುತ್ತಿದ್ದದ್ದು ಕೈಕಂಬಿಯ ಮೇಲೆ, ಅಚ್ಚಿನ ಅಂಚಿಗೆ ತಾಗುತ್ತಿದ್ದದ್ದು ಮೆಟ್ಟಿಲು.

ಪ್ರಶ್ನೆ ಬದಲಾದದ್ದು ಇಲ್ಲಿ. ಯಾರು ಮುಟ್ಟಬೇಕು ಎಂಬುದನ್ನು ಬಿಟ್ಟು, ಎಲ್ಲಿ ಮುಟ್ಟಬೇಕು ಮತ್ತು ಎಷ್ಟು ಸಲ ಮುಟ್ಟಬೇಕು ಎಂದು ಯೋಚಿಸತೊಡಗಿದರು. ನಮ್ಮ ಪ್ರಕಾರ ಈ ಪ್ರಕರಣದಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ಬೇರೆ ಇಲ್ಲ.

ಎಲ್ಲಿ ಮುಟ್ಟಬೇಕು

ಪ್ರತಿ ಗಾಡಿಗೂ ಹಿಡಿಯುವ ಜಾಗ ಬೇರೆ. ಅದನ್ನು ಎತ್ತಿದ ಮೇಲೆ ಹುಡುಕಿದರೆ ತಡವಾಯಿತು. ಹಾಗಾಗಿ ಪ್ರತಿ ಗಾಡಿಯ ಪಕ್ಕದ ನೋಟದ ಫೋಟೊ ಪ್ರಿಂಟ್ ಹಾಕಿಸಿ, ಹಿಡಿಯಬಹುದಾದ ಜಾಗಕ್ಕೆ ಹಸಿರು, ಮುಟ್ಟಲೇಬಾರದ ಜಾಗಕ್ಕೆ ಕೆಂಪು ಬಳಿದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದರು.

ಡೀಸೆಲ್ಲಿಗೆ ಹಸಿರು ಜಾಗ ಎರಡು ಚಕ್ರಗುಂಪುಗಳ ನಡುವೆ ಇರುವ ಇಂಧನ ಟ್ಯಾಂಕ್. ಕೆಳಗಿನಿಂದ ಅಂಗೈ ಕೊಟ್ಟು, ಹೆಬ್ಬೆರಳು ಮತ್ತು ನಡುಬೆರಳು ಟ್ಯಾಂಕಿನ ಎರಡು ಬದಿಗೆ. ತೂಕವೂ ಹೆಚ್ಚುಕಡಿಮೆ ಅಲ್ಲೇ ಕೇಂದ್ರವಾಗುವುದರಿಂದ ಇಂಜಿನ್ ವಾಲುವುದಿಲ್ಲ. ಎಲೆಕ್ಟ್ರಿಕ್ಕಿಗೂ ಹೊಟ್ಟೆಯ ಕೆಳಗಿನ ಪೆಟ್ಟಿಗೆಯೇ ಆಧಾರ. ಛಾವಣಿಯ ಕಡೆ ಕೈ ಹೋಗಲೇಬಾರದು, ಡಬ್ಬಿಗೆ ಹೋಗುವ ಮೊದಲು ಎರಡೂ ಪ್ಯಾಂಟೋಗ್ರಾಫ್ ಕೆಳಗಿಳಿದು ಕೊಕ್ಕೆಗೆ ಸಿಕ್ಕಿರಬೇಕು. ಇಳಿಸುವುದಕ್ಕೆ ಮರದ ಹಲ್ಲುಕಡ್ಡಿ ಒಳ್ಳೆಯದು. ಮೇಲಿನ ಪಟ್ಟಿಯನ್ನು ಒತ್ತದೆ, ಮಂಡಿಯಂತೆ ಮಡಿಯುವ ಕೀಲಿನ ಹತ್ತಿರ ನಿಧಾನವಾಗಿ ಒತ್ತಬೇಕು. ಪಟ್ಟಿಯ ಒಂದು ತುದಿಯನ್ನು ಒತ್ತಿದರೆ ಇಡೀ ಚೌಕಟ್ಟು ತಿರುಚುತ್ತದೆ. ಆ ಮನೆಯ ಪ್ಯಾಂಟೋಗ್ರಾಫ್ ಓರೆಯಾದದ್ದು ಹೀಗೆಯೇ.

ಕೋಚುಗಳಿಗೆ ಎರಡೂ ಕೈ ಬೇಕು. ಭಾರತೀಯ ರೈಲ್ವೆಯ ಹೊಸ ಬಗೆಯ, 23.5 ಮೀಟರಿನ ಎಲ್‌ಎಚ್‌ಬಿ ಕೋಚ್ ಈ ಸ್ಕೇಲಿನಲ್ಲಿ ಸುಮಾರು 270 ಮಿ.ಮೀ. ಉದ್ದ. ನಡುವೆ ಒಂದೇ ಕೈಯಲ್ಲಿ ಹಿಡಿದರೆ ಬೆರಳು ಕಿಟಕಿಯನ್ನು ಒಳಕ್ಕೆ ಒತ್ತುತ್ತದೆ. ಚಕ್ರಗುಂಪುಗಳ ನೇರ ಮೇಲೆ, ಗೋಡೆಯ ಕೆಳಅಂಚಿನಲ್ಲಿ ಹಿಡಿಯಬೇಕು.

ಉಗಿ ಇಂಜಿನ್ನೇ ಎಲ್ಲಕ್ಕಿಂತ ಕಷ್ಟದ್ದು, ಅದರ ಮೈಮೇಲೆ ಹಸಿರು ಜಾಗವೇ ಇಲ್ಲ ಎನ್ನಬಹುದು. ಮೇಲೆ ಪೈಪು, ಬದಿಯಲ್ಲಿ ಓಡುವ ಸರಳುಗಳು, ಕೆಳಗೆ ಬ್ರೇಕಿನ ತೋಳುಗಳು. ಇಂಜಿನ್ನಿಗೂ ಟೆಂಡರಿಗೂ ನಡುವೆ ತೆಳ್ಳನೆಯ ವೈರುಗಳಿರುವುದರಿಂದ ಒಂದನ್ನು ಎತ್ತಿ ಇನ್ನೊಂದನ್ನು ನೇತುಬಿಡುವಂತೆಯೂ ಇಲ್ಲ. ಇದಕ್ಕೆ ತೊಟ್ಟಿಲ ಉಪಾಯ ಮಾಡಿದರು. ಹೊಸ ಮಾದರಿಗಳ ಡಬ್ಬಿಯಲ್ಲಿ ಗಾಡಿಯನ್ನು ಸುತ್ತಿ ಒಂದು ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ, ಹಲವರು ಮೊದಲ ದಿನವೇ ಅದನ್ನು ಎಸೆದುಬಿಡುತ್ತಾರೆ. ಅದು ಎತ್ತುವುದಕ್ಕೆಂದೇ ಇರುವುದು. ಕಳೆದುಹೋಗಿದ್ದ ಆ ಹಾಳೆಗೆ ಬದಲು ದಪ್ಪ ಪಾಲಿಥಿನ್ ಹಾಳೆಯನ್ನು ಇಂಜಿನ್ ಮತ್ತು ಟೆಂಡರಿನ ಒಟ್ಟು ಉದ್ದಕ್ಕಿಂತ ಕೊಂಚ ಹೆಚ್ಚಾಗಿ ಕತ್ತರಿಸಿ, ಅಚ್ಚಿನೊಳಗೆ ಇಂಜಿನ್ನಿನ ಕೆಳಗಿನಿಂದ ಹಾಯಿಸಿ ಎರಡೂ ಬದಿಗೆ ಮೇಲೆ ತಂದರು. ಎರಡೂ ಬದಿ ಒಟ್ಟಿಗೆ ಹಿಡಿದು ನೇರ ಮೇಲಕ್ಕೆ ಎತ್ತಿದರೆ ಇಂಜಿನ್ ಟೆಂಡರ್ ಒಟ್ಟಿಗೆ ಬರುತ್ತವೆ, ಬೆರಳು ಯಾವ ಪೈಪಿಗೂ ತಾಗುವುದಿಲ್ಲ.

ಕೆಲಸದ ಮೇಜಿನ ಮೇಲೆ ಅಂಚು ಎತ್ತಿದ ಬಿಳಿ ಬಟ್ಟೆ ಹಾಸುವುದೂ ಈಗಲೇ ರೂಢಿಯಾಯಿತು. ಉದುರಿದ ಕನ್ನಡಿ ಬಿಳಿಯ ಮೇಲೆ ಕಾಣುತ್ತದೆ, ನೆಲಕ್ಕೆ ಬಿದ್ದರೆ ಕಸಬರಿಗೆಯ ಪಾಲು.

ಡಬ್ಬಿಗಳ ಒಳಗಿನ ಹಳೆಯ ಸ್ಪಂಜನ್ನೂ ತೆಗೆದರು. ಪಾಲಿಯುರೆಥೇನ್ ಸ್ಪಂಜ್ ವರ್ಷಗಳು ಕಳೆದಂತೆ ಗಾಳಿಯ ತೇವದಿಂದ ಕೊಳೆತು ಮೊದಲು ಅಂಟಾಗುತ್ತದೆ, ಆಮೇಲೆ ಪುಡಿಯಾಗುತ್ತದೆ. ಆ ಅಂಟು ಬಣ್ಣದ ಮೇಲೆ ಗುರುತು ಬಿಡುತ್ತದೆ. ಬದಲಿಗೆ ಟಿವಿ, ಫ್ರಿಜ್ ಪ್ಯಾಕಿಂಗಿಗೆ ಬರುವ ಬಿಳಿ ಇಪಿಇ ಫೋಮ್ ಕತ್ತರಿಸಿ ಹಾಕಿದರು.

ಎಷ್ಟು ಸಲ ಮುಟ್ಟಬೇಕು

ಮುಂದಿನ ದಸರೆಗೆ ಗಾಡಿಗಳನ್ನು ದಿನವೂ ಎತ್ತುವುದೇ ಬೇಡ ಎಂದು ಕ್ಯಾಸೆಟ್ ಮಾಡಿದರು. ಇದು ಮಾದರಿ ರೈಲು ಹವ್ಯಾಸಿಗಳಲ್ಲಿ ಹಳೆಯ ಉಪಾಯ: ಹಳಿಯ ಒಂದು ತುಂಡನ್ನು ಹೊತ್ತೊಯ್ಯಬಹುದಾದ ತಟ್ಟೆಯಂತೆ ಮಾಡುವುದು. ರೈಲು ತಾನೇ ಓಡಿ ಬಂದು ಅದರೊಳಗೆ ನಿಲ್ಲುತ್ತದೆ, ತಟ್ಟೆಯನ್ನೇ ಎತ್ತಿಕೊಂಡು ಹೋಗಿ ಬೀರುವಿನಲ್ಲಿಡಬಹುದು.

9 ಮಿ.ಮೀ. ಪ್ಲೈವುಡ್, 600 ಮಿ.ಮೀ. ಉದ್ದ, 75 ಮಿ.ಮೀ. ಅಗಲ. ನಡುವೆ ಹಳಿ ಅಂಟಿಸಿ, ಎರಡೂ ಬದಿಗೆ 60 ಮಿ.ಮೀ. ಎತ್ತರದ ತೆಳು ಪ್ಲೈ ಗೋಡೆ. ಒಂದು ಇಂಜಿನ್ ಮತ್ತು ಒಂದು ಕೋಚ್, ಇಲ್ಲವೇ ಎರಡು ಕೋಚ್ ಒಂದರಲ್ಲಿ ಹಿಡಿಸುತ್ತವೆ. ಒಂದು ತುದಿ ಫೋಮ್ ತುಂಡಿನಿಂದ ಮುಚ್ಚಿದೆ, ಇನ್ನೊಂದು ತುದಿ ತೆರೆದಿದೆ. ತೆರೆದ ತುದಿ ಮುಖ್ಯ ಹಳಿಗೆ ಕೂಡುವಲ್ಲಿ ಮರದ ಕೆಳಗೆ ಹಿತ್ತಾಳೆ ಕೊಳವೆ ಮತ್ತು ಅದರೊಳಗೆ ಜಾರುವ ಪಿನ್. ಹಳಿಗಳು ಎದುರುಬದುರು ನೇರ ಕೂರುವುದು ಇದರಿಂದಲೇ. ಅರ್ಧ ಮಿಲಿಮೀಟರ್ ಆಚೀಚೆಯಾದರೂ ಚಕ್ರ ಹಳಿ ಹತ್ತುವುದಿಲ್ಲ, ಹಾಗಾಗಿ ಎರಡನ್ನೂ ಜೋಡಿಸಿ ಕೊಳವೆ ಕೂರಿಸಿದ ಮೇಲೆಯೇ ಹಳಿ ಅಂಟಿಸಿ, ನಡುವೆ ಗರಗಸದಿಂದ ಕತ್ತರಿಸಿದರು. ಎರಡು ವೈರು, ಎರಡು ಕ್ಲಿಪ್, ಕಂಟ್ರೋಲರಿನ 12 ವೋಲ್ಟ್ ಡಿಸಿ ಕ್ಯಾಸೆಟ್ಟಿಗೂ ಬಂತು.

ಹದಿಮೂರರಲ್ಲಿ ಉಗಿ ಇಂಜಿನ್ ಬಿಟ್ಟು ಹನ್ನೆರಡು ಗಾಡಿಗಳು ಕ್ಯಾಸೆಟ್ಟಿಗೆ ಸೇರಿದವು. ಪಾಡ್ಯದ ಹಿಂದಿನ ದಿನ ಒಮ್ಮೆ ಡಬ್ಬಿಯಿಂದ ಕ್ಯಾಸೆಟ್ಟಿಗೆ, ದಶಮಿಯ ಮರುದಿನ ಒಮ್ಮೆ ಕ್ಯಾಸೆಟ್ಟಿನಿಂದ ಡಬ್ಬಿಗೆ. ನಡುವೆ ಕೈ ತಾಗಬೇಕಾದದ್ದು ಹಳಿ ತಪ್ಪಿದಾಗ ಮಾತ್ರ. ಅದಕ್ಕೂ ಇಳಿಜಾರಿನ ಪ್ಲಾಸ್ಟಿಕ್ ರೀರೇಲರ್ ಬಂತು. ಗಾಡಿಯನ್ನು ಅದರ ಮೇಲಿಟ್ಟು ಮೆಲ್ಲಗೆ ತಳ್ಳಿದರೆ ಚಕ್ರಗಳು ತಾವೇ ಹಳಿಗೆ ಕೂರುತ್ತವೆ, ಕಣ್ಣು ಕಿರಿದು ಮಾಡಿ ಒಂದೊಂದೇ ಚಕ್ರವನ್ನು ಬೆರಳಿನಿಂದ ಒತ್ತಬೇಕಾಗಿಲ್ಲ. ಕೊಂಡಿಗಳನ್ನು ಎಳೆದು ಬಿಡಿಸುವುದು ಸಂಪೂರ್ಣ ನಿಂತಿತು. ಕೊಂಡಿಯ ಬಳೆಯನ್ನು ಬಾಗಿಸಿದ ತಂತಿಯಿಂದ ಮೇಲೆತ್ತಿ ಬಿಡಿಸಿದರೆ ಗೂಡಿಗೆ ಎಳೆತವೇ ಬೀಳುವುದಿಲ್ಲ.

ಹಬ್ಬದ ಮನೆಯ ಪುಡಿ, ಹೊಗೆ, ಅರಿಶಿನ

ಹೊರದೇಶದ ಕೈಪಿಡಿಗಳಲ್ಲಿ ಸಿಗದ ವಿಷಯ ಇದು, ಹಾಗಾಗಿ ವಿವರವಾಗಿ ಹೇಳಬೇಕು. ಗರಗರ ಎನ್ನುತ್ತಿದ್ದ ಡೀಸೆಲ್ಲಿನ ಚಕ್ರಗುಂಪಿನ ತಳದ ಮುಚ್ಚಳ ಬಿಚ್ಚಿದಾಗ ಹಲ್ಲುಚಕ್ರಗಳ ಮೇಲೆ ಬೂದು ಬಣ್ಣದ ಮೆತ್ತನೆಯ ಪದರ ಇತ್ತು. ಅದು ರಂಗೋಲಿ ಪುಡಿ. ಹಳಿಯ ಪಕ್ಕದಲ್ಲೇ ಬಿಟ್ಟಿದ್ದ ರಂಗೋಲಿ ಫ್ಯಾನಿನ ಗಾಳಿಗೆ ಹಾರಿ ಎಣ್ಣೆಗೆ ಅಂಟಿಕೊಂಡಿತ್ತು. ಕಲ್ಲಿನ ಪುಡಿ ಎಣ್ಣೆಯೊಂದಿಗೆ ಸೇರಿದರೆ ಹಲ್ಲುಗಳನ್ನು ತೇಯುವ ಅರದಂತೆಯೇ ಆಯಿತು. ಹಲ್ಲುಚಕ್ರಗಳನ್ನು ತೆಗೆದು ಸೋಪುನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ತೊಳೆದು, ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ಕಿಗೆ ಹೊಂದುವ ಮಾದರಿ ರೈಲಿನ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ನಿಲ್ಲುವಷ್ಟು ಮಾತ್ರ ಚಕ್ರದ ಅಚ್ಚಿಗೆ (ಆಕ್ಸಲ್‌ಗೆ) ಮುಟ್ಟಿಸಿದರು. ಚಕ್ರದ ಸುತ್ತ ಇರುವ ರಬ್ಬರ್ ಬಳೆಗೆ ಎಣ್ಣೆ ಸೋಕಲೇಬಾರದು, ಸೋಕಿದರೆ ಉಬ್ಬಿ ಜಾರುತ್ತದೆ. ಎರಡನೆಯ ವರ್ಷ ಹಳಿಯ ಹತ್ತಿರ ಅಕ್ಕಿಹಿಟ್ಟನ್ನು ನೀರಿನಲ್ಲಿ ಕಲಸಿ ಹಾಕಿದ ಹಸಿ ರಂಗೋಲಿ ಮಾತ್ರ. ಒಣಗಿದ ಮೇಲೂ ಅದು ಹಲಗೆಗೆ ಅಂಟಿಕೊಂಡೇ ಇರುತ್ತದೆ.

ಕೆನೆ ಬಣ್ಣದ ಕೋಚಿನ ಹಳದಿ ಕಲೆ ಅರಿಶಿನದ್ದು. ಕುಂಕುಮ ಕೊಟ್ಟ ಕೈಯಲ್ಲೇ ಕೋಚನ್ನು ಸರಿಪಡಿಸಿದ್ದರಿಂದ ಆದದ್ದು. ಅರಿಶಿನದ ಬಣ್ಣ ಸ್ಪಿರಿಟ್ಟಿನಲ್ಲಿ ಕರಗುತ್ತದೆ ನಿಜ, ಆದರೆ ಕೋಚಿನ ಮೇಲೆ ಅಚ್ಚಾದ ಅಕ್ಷರಗಳೂ ಅದರೊಂದಿಗೆ ಎದ್ದು ಹೋಗಬಹುದು. ಸೊಸೆಯವರು ಬೇಡವೆಂದು ಹಟ ಹಿಡಿದದ್ದು ಒಳ್ಳೆಯದೇ ಆಯಿತು. ತೆಳು ಸೋಪುನೀರಿನಲ್ಲಿ ಅದ್ದಿ ಹಿಂಡಿದ ಇಯರ್ ಬಡ್‌ನಿಂದ ಒರೆಸಿ, ಕೋಚನ್ನು ನೇರ ಬಿಸಿಲು ಬೀಳದ ಕಿಟಕಿಯ ಬಳಿ ಇಟ್ಟರು. ಅರಿಶಿನದ ಬಣ್ಣ ಬೆಳಕಿಗೆ ಮಾಸುತ್ತದೆ. ಕೆಲವು ವಾರಗಳಲ್ಲಿ ಹುಡುಕಿದರೆ ಮಾತ್ರ ಕಾಣುವಷ್ಟಾಯಿತು. ನೇರ ಬಿಸಿಲಿಗಿಟ್ಟಿದ್ದರೆ ಕಲೆಗಿಂತ ಮೊದಲು ಛಾವಣಿ ಸೊಟ್ಟಗಾಗುತ್ತಿತ್ತು.

ಆಯುಧಪೂಜೆಯ ದಿನ ಇಂಜಿನ್ನಿಗೂ ಬೊಟ್ಟಿಡಬೇಕೆಂಬುದು ಮನೆಯವರ ಆಸೆ. ಅದನ್ನು ಬೇಡವೆನ್ನುವುದು ಸರಿಯಲ್ಲ. ಕ್ಯಾಸೆಟ್ಟಿನ ಮರದ ಗೋಡೆಗೆ ಮತ್ತು ಕಂಟ್ರೋಲರ್ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಹೂವನ್ನು ಹಳಿಯ ಹೊರಗೆ ಇಟ್ಟರು. ಎಣ್ಣೆದೀಪವನ್ನು ಮೆಟ್ಟಿಲುಗಳ ಇನ್ನೊಂದು ಬದಿಗೆ ಸರಿಸಿದರು, ಎಣ್ಣೆಯ ಹೊಗೆ ಹಳಿಯ ಮೇಲೆ ಕೂತರೆ ಕರೆಂಟ್ ಸರಿಯಾಗಿ ಹಾಯುವುದಿಲ್ಲ. ಮುಂಭಾಗಕ್ಕೆ 200 ಮಿ.ಮೀ. ಎತ್ತರದ ಅಕ್ರಿಲಿಕ್ ಹಾಳೆ ಬಂತು.

ಮಕ್ಕಳಿಗೆ ಬೇರೆ ಹಳಿಯ ಮೇಲೆ ಒಂದು ಸಾದಾ ಆರಂಭಿಕ ಸೆಟ್ ಹಾಕಿದರು. ಕೈಕಂಬಿ ಮೈಗೇ ಅಚ್ಚು ಹೊಯ್ದಿರುವ, ಬಿದ್ದರೂ ಎದ್ದು ಓಡುವ ಗಾಡಿ. ಎತ್ತಬಹುದು, ಕೂರಿಸಬಹುದು, ತಿರುಪು ತಿರುಗಿಸಿ ಓಡಿಸಬಹುದು. ಮುಟ್ಟಲು ಒಂದು ಸಿಕ್ಕ ಮೇಲೆ ಇನ್ನೊಂದರ ಕಡೆ ಕೈ ಚಾಚಿದ ಮಗು ಕಡಿಮೆ.

ಫಲಿತಾಂಶ, ಮತ್ತು ಒಂದು ಹೊಸ ತೊಂದರೆ

ಎರಡನೆಯ ದಸರೆಯಲ್ಲಿ ಡಬ್ಬಿಯಲ್ಲಾಗಲಿ ಹಳಿ ಏರಿಸುವಾಗಲಾಗಲಿ ಏನೂ ಮುರಿಯಲಿಲ್ಲ. ಆದರೆ ಮೂರನೆಯ ರಾತ್ರಿ ಕ್ಯಾಸೆಟ್ ಹೊತ್ತು ಒಯ್ಯುವಾಗ ತೆರೆದ ತುದಿಗೆ ಇಳಿಸಬೇಕಾದ ಗೇಟಿನ ತಗಡನ್ನು ಮರೆತರು. ಕ್ಯಾಸೆಟ್ ಕೊಂಚ ವಾಲಿತು, ಒಂದು ಕೋಚ್ ಉರುಳಿ ಕೆಳಗಿದ್ದ ಚಾಪೆಯ ಮೇಲೆ ಬಿತ್ತು. ಒಂದು ಆಕ್ಸಲ್ಲಿನ ಮೇಲೆ ಚಕ್ರ ಸರಿದಿತ್ತು. ಎಚ್‌ಒದಲ್ಲಿ ಎರಡು ಚಕ್ರಗಳ ಒಳಮುಖಗಳ ನಡುವೆ ಸುಮಾರು 14.4 ಮಿ.ಮೀ. ಇರಬೇಕು, ಕ್ಯಾಲಿಪರ್ ಹಿಡಿದು ಸರಿಮಾಡಿದ ಮೇಲೆ ಓಡಿತು. ಅದೃಷ್ಟ, ಇಂಜಿನ್ ಆಗಿರಲಿಲ್ಲ.

“ಮರೆಯಬೇಡಿ” ಎಂದು ಚೀಟಿ ಅಂಟಿಸುವ ಸಲಹೆ ಬಂತು. ಹಿರಿಯರು ಒಪ್ಪಲಿಲ್ಲ, ಒಪ್ಪದೆ ಇದ್ದದ್ದೇ ಸರಿ. ರಾತ್ರಿ ದಣಿದ ಹೊತ್ತಿನಲ್ಲಿ ಚೀಟಿ ಯಾರೂ ಓದುವುದಿಲ್ಲ. ಬದಲಿಗೆ ಗೇಟಿನ ತಗಡನ್ನು ಎತ್ತಿದಾಗ ಇಡಬೇಕಾದ ಸೀಳನ್ನು ಜೋಡಣೆಯ ಪಿನ್ನಿಗೆ ಅಡ್ಡವಾಗಿ ಕೊರೆದರು. ತಗಡು ಆ ಸೀಳಿನಲ್ಲಿರುವವರೆಗೆ ಪಿನ್ ಹೊರಗೆ ಬರುವುದಿಲ್ಲ, ಪಿನ್ ಬಾರದೆ ಕ್ಯಾಸೆಟ್ ಕಳಚುವುದಿಲ್ಲ. ಅಸಲಿ ರೈಲ್ವೆಯಲ್ಲಿ ಸಿಗ್ನಲ್ಲಿಗೂ, ರೈಲು ಹಳಿ ಬದಲಿಸುವ ಪಾಯಿಂಟಿಗೂ ಇರುವ ಇಂಟರ್‌ಲಾಕಿಂಗಿನ ತತ್ವವೇ ಇದು. ಉಳಿದ ಆರು ರಾತ್ರಿಗಳಲ್ಲಿ ಏನೂ ಬೀಳಲಿಲ್ಲ.

ರಿಪೇರಿಗಳ ವಿಷಯ ಚಿಕ್ಕದು. ಕೈಕಂಬಿಯನ್ನು 0.4 ಮಿ.ಮೀ. ಹಿತ್ತಾಳೆ ತಂತಿಯಲ್ಲಿ ಹೊಸದಾಗಿ ಬಾಗಿಸಿ, ಕೈಡ್ರಿಲ್ಲಿನಿಂದ ತೂತನ್ನು ಕೊಂಚ ಆಳ ಮಾಡಿ ಕೂರಿಸಿದರು, ಅಂಟಿನ ಬಲಕ್ಕಿಂತ ತೂತಿನ ಬಿಗಿತದ ಮೇಲೆ ನಿಲ್ಲುವಂತೆ. ಬೆಳ್ಳಗಾದ ಕಿಟಕಿಯನ್ನು ಪ್ಲಾಸ್ಟಿಕ್ ಪಾಲಿಶ್ ಹಾಕಿ ಉಜ್ಜಿದಾಗ ಹೊರಮುಖ ತಿಳಿಯಾಯಿತು, ಒಳಮುಖಕ್ಕೆ ಕೈ ಹೋಗದೆ ಹಾಗೇ ಉಳಿಯಿತು. ಕಿಟಕಿಗೆ, ಸಣ್ಣ ಅಲಂಕಾರ ಭಾಗಗಳಿಗೆ ಈಗ ಮರಗೆಲಸದ ಬಿಳಿ ಗೋಂದು ಮಾತ್ರ: ಆವಿ ಇಲ್ಲ, ಒಣಗಿದರೆ ಪಾರದರ್ಶಕ, ತಪ್ಪಾದರೆ ಸುಲಿದು ತೆಗೆಯಬಹುದು. ಪ್ಯಾಂಟೋಗ್ರಾಫನ್ನು ಎರಡು ಚಪ್ಪಟೆ ಚಿಮಟಗಳಿಂದ ಮುಕ್ಕಾಲು ಪಾಲು ನೇರ ಮಾಡಿ ನಿಲ್ಲಿಸಿದರು. ಇನ್ನೂ ಬಾಗಿಸಿದ್ದರೆ ಬೆಸುಗೆ ಬಿಡುತ್ತಿತ್ತು. ಅದು ಈಗ ಕೊಕ್ಕೆಯಲ್ಲೇ ಇರುತ್ತದೆ, ಇನ್ನೊಂದನ್ನು ಮಾತ್ರ ಎತ್ತುತ್ತಾರೆ.

ಉಗಿ ಇಂಜಿನ್ನನ್ನು ಓಡಿಸುವುದು ಬೇಡವೆಂದು ತೀರ್ಮಾನವಾಯಿತು. ಅದರ ಮುರಿದ ಮೆಟ್ಟಿಲು, ಪೈಪುಗಳನ್ನು ಸಣ್ಣ ಜಿಪ್ ಕವರಿನಲ್ಲಿ ಹಾಕಿ, ಯಾವುದು ಎಲ್ಲಿಯದೆಂದು ಬರೆದು ಡಬ್ಬಿಯಲ್ಲೇ ಇಟ್ಟಿದ್ದಾರೆ. ಪರಿಣತರು ಸಿಕ್ಕಾಗ ಅಸಲಿ ತುಂಡು ಕೈಯಲ್ಲಿರಬೇಕು.

ಕೈಯಲ್ಲಿ ಮಾಡಿದ ನ್ಯಾರೋಗೇಜ್ ಕೋಚನ್ನು ಡಬ್ಬಿಗೆ ಹಾಕುವುದನ್ನೇ ಬಿಟ್ಟರು. ಒಂದು ತೇಗದ ಹಲಗೆಯ ಮೇಲೆ 9 ಮಿ.ಮೀ. ಹಳಿ ಕೂರಿಸಿ, ಕೋಚಿನ ನೆಲದ ಮಧ್ಯಕ್ಕೆ ಒಂದು ನಟ್ ಅಂಟಿಸಿ, ಹಲಗೆಯ ಕೆಳಗಿನಿಂದ 2 ಮಿ.ಮೀ. ಬೋಲ್ಟ್ ಹಾಕಿ ಬಿಗಿಗೊಳಿಸಿದ್ದಾರೆ, ಚಕ್ರದ ಮೇಲೆ ಭಾರ ಬೀಳದಷ್ಟು ಹದವಾಗಿ. ಮೇಲೆ ಅಕ್ರಿಲಿಕ್ ಮುಚ್ಚಳ. ದೂಳು ಒಳಗೆ ಹೋದರೆ ಕ್ಯಾಮೆರಾ ಲೆನ್ಸಿನ ರಬ್ಬರ್ ಊದುಗೊಳವೆಯಿಂದ ಊದುತ್ತಾರೆ, ಬ್ರಷ್ ಬೇಕೆನಿಸಿದರೆ ಮೇಕಪ್ಪಿನ ಮೆತ್ತನೆಯ ಬ್ರಷ್ಷನ್ನು ಕಂಬಿಗಳ ಉದ್ದಕ್ಕೇ ಎಳೆಯುತ್ತಾರೆ, ಅಡ್ಡಕ್ಕಲ್ಲ. ನವರಾತ್ರಿಗೆ ಹಲಗೆ ಸಮೇತ ಎತ್ತಿ ಗೊಂಬೆಗಳ ಎರಡನೆಯ ಮೆಟ್ಟಿಲಿನಲ್ಲಿಡುತ್ತಾರೆ, ಕೋಚನ್ನು ಯಾರೂ ಮುಟ್ಟಬೇಕಾಗಿಲ್ಲ.